ಅವ್ವ ನುಂಗಿದ ಗುಳಿಗೆಗಳು

ನನ್ನನ್ನು ಕೊಟ್ಟದ್ದು ಅವ್ವನ ಕಿರಿಯ ತಮ್ಮನಿಗೇ. ನಮ್ಮ ಕಡೆ ಸೋದರಮಾವ ಇದ್ದ ಮೇಲೆ ಹೆಣ್ಣನ್ನು ಹೊರಗೆ ಕೊಡುವ ಮಾತೇ ಆಗ ಏಳುತ್ತಿರಲಿಲ್ಲ. ಹಾಗಾಗಿ ಅಪ್ಪ ತೀರಿಕೊಂಡು ಅವ್ವ ಕೊಟ್ಟೂರಿನ ನಮ್ಮ ಮನೆಗೆ ಬಂದಾಗ, ಬಂದದ್ದು ಮಗಳ ಮನೆಗೋ ತಮ್ಮನ ಮನೆಗೋ ಎಂದು ಯಾರೂ ಕೇಳಲಿಲ್ಲ. ಅಕ್ಕ ತಮ್ಮ ಇಬ್ಬರಿಗೂ ಒಂದೇ ಮೂಗು, ಒಂದೇ ಹಟ. ಉಂಡು ಎದ್ದ ಮೇಲೆ ಇಬ್ಬರೂ ಒಂದೇ ಜಾಗದಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕೆಂಪು ಚಟ್ನಿ ಬಿಡಿ ಎಂದರೆ ಮಾತ್ರ ಒಟ್ಟಾಗಿ ನನ್ನ ಮೇಲೇ ಏರಿ ಬರುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನೋವು ಜಾಸ್ತಿಯಾಗಿ ಇಬ್ಬರನ್ನೂ ದಾವಣಗೆರೆಗೆ ಕರೆದುಕೊಂಡು ಹೋದೆ. ಬಾಯಿಂದ ಪೈಪು ಇಳಿಸಿ ನೋಡಿದ ಹಿರಿಯ ಡಾಕ್ಟರು, ಇಬ್ಬರ ಜಠರದಲ್ಲೂ ಹುಣ್ಣಿದೆ, ಅದು ಖಾರದಿಂದ ಬಂದದ್ದಲ್ಲ, ಒಂದು ಬ್ಯಾಕ್ಟೀರಿಯಾದಿಂದ ಎಂದರು. ಹದಿನಾಲ್ಕು ದಿನಕ್ಕೆ ಗುಳಿಗೆ ಬರೆದರು. ಆಮ್ಲ ತಗ್ಗಿಸುವುದು ಒಂದು, ಬ್ಯಾಕ್ಟೀರಿಯಾ ಕೊಲ್ಲುವವು ಎರಡು. ಹಾಗೇ ಬಿಟ್ಟರೆ ಮುಂದೆ ಕೆಟ್ಟ ರೋಗಕ್ಕೆ ತಿರುಗಬಹುದು ಎಂದೂ ಎಚ್ಚರಿಸಿದರು. ಅವ್ವ ಹಿಡಿದುಕೊಂಡದ್ದು ಒಂದೇ ಮಾತು. "ಚಟ್ನಿದು ತಪ್ಪಿಲ್ಲಂತ, ಕೇಳಿದ್ಯಾ?" ಎಂದು ಹರಪನಹಳ್ಳಿ ದಾಟುವವರೆಗೂ ನನ್ನನ್ನು ತಿವಿಯುತ್ತಿದ್ದಳು.

ಎರಡು ತಿಂಗಳು ಬಿಟ್ಟು ಮತ್ತೆ ಹೋದೆವು. ನಮ್ಮವರ ಹೊಟ್ಟೆ ಪೂರ್ತಿ ವಾಸಿಯಾಗಿತ್ತು. ಅವ್ವನ ಹುಣ್ಣು ಮತ್ತು ಬ್ಯಾಕ್ಟೀರಿಯಾ ಎರಡೂ ಹಾಗೇ ಇದ್ದವು. "ಗುಳಿಗೆ ಸರಿಯಾಗಿ ತಗೊಂಡಿಲ್ಲ" ಎಂದು ಡಾಕ್ಟರು ಹೇಳಿದರು. ಹೇಳಿದ್ದು ಅವ್ವನಿಗಲ್ಲ, ನನಗೆ.

ನಾನು ಪ್ರಾಥಮಿಕ ಶಾಲೆಯ ಮೇಡಂ. ಹೋಂವರ್ಕ್ ಮಾಡದ ಮಗುವಿನ ಮುಖ ಬಾಗಿಲಲ್ಲೇ ಗೊತ್ತಾಗುತ್ತದೆ ಎಂಬ ಜಂಬ ನನಗೆ. ಅವ್ವನ ಹಳೆಯ ದಾಖಲೆಯೂ ಶುದ್ಧವಿರಲಿಲ್ಲ. ಹಿಂದೊಮ್ಮೆ ರಕ್ತ ಕಡಿಮೆಯೆಂದು ಕೊಟ್ಟ ಗುಳಿಗೆಗಳನ್ನು ರವೆ ಡಬ್ಬಿಯಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದಿದ್ದಳು. ಅದರ ಮೇಲೆ ಅವಳ ಲಿಂಗಪೂಜೆ. ಪೂಜೆ ಆಗದೆ ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ನಮ್ಮವರು ಹಾಸಿಗೆಯಿಂದ ಎದ್ದವರೇ ನನ್ನ ಕಣ್ಣೆದುರು ಗುಳಿಗೆ ನುಂಗಿ ಮುಗಿಸುತ್ತಿದ್ದರು. ಅವಳು ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸುವಷ್ಟರಲ್ಲಿ ನಾನು ಶಾಲೆಯಲ್ಲಿರುತ್ತಿದ್ದೆ.

"ನುಂಗೀನವ್ವ, ದಿನಾ ನುಂಗೀನಿ. ಸುಳ್ಳ್ಯಾಕ ಹೇಳ್ಲಿ?" ಎಂದಳು.

"ಹಂಗಾರ ಮಾವಗ ವಾಸಿ ಆಗಿ ನಿನಗ್ಯಾಕ ಆಗ್ಲಿಲ್ಲ? ಒಂದೇ ಹೊಟ್ಯಾಗ ಹುಟ್ಟಿದೋರು ನೀವು."

ಅವಳು ತಲೆ ತಗ್ಗಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ.

ಎರಡನೇ ಸಲ ಅದೇ ಗುಳಿಗೆ ಬರೆದುಕೊಟ್ಟರು. ಸಂಜೆ ಬಂದವಳೇ ಗುಳಿಗೆ ಬಿಡಿಸಿದ ಖಾಲಿ ಹಾಳೆಗಳನ್ನು ನೋಡುತ್ತಿದ್ದೆ. ಅವಳು ಒಲೆಯ ಮುಂದಿನಿಂದಲೇ "ಮೇಡಮ್ಮೋರು ಬಂದ್ರು, ಪಾಟಿ ತೋರಸ್ರಿ" ಎಂದು ನಗುತ್ತಿದ್ದಳು. ಹಾಳೆ ಖಾಲಿಯಿದ್ದರೂ ನನಗೆ ಬಚ್ಚಲ ಮೇಲೆ ಅನುಮಾನ. ಅಲ್ಲಿ ಚೆಲ್ಲಿದ್ದರೆ ಕಂಡವರು ಯಾರು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದವಳು, ಕಾಣದ್ದನ್ನೇ ನಂಬಿ ಕೂತಿದ್ದೆ.

ಮತ್ತೆ ಪೈಪು ಹಾಕಿಸಿದರೂ ಉತ್ತರ ಅದೇ ಬಂತು. ಅವತ್ತು ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಹೇಳಿದೆ. "ನುಂಗಿದ್ದು ಖರೇ ಅಂದ್ರ ಲಿಂಗ ಮುಟ್ಟಿ ಆಣಿ ಮಾಡು."

ನಮ್ಮವರಿಗೆ ಗಾಬರಿಯಾಯಿತು. "ಲೇ, ತಲಿ ಕೆಟ್ಟೈತೇನು ನಿನಗ? ಖರೇ ಇದ್ರೂ ಲಿಂಗ ಮುಟ್ಟಿ ಆಣಿ ಮಾಡಬಾರ್ದು" ಎಂದರು. ನಮ್ಮಲ್ಲಿ ಹೊಲದ ಬದುವಿನ ಜಗಳಕ್ಕೂ ಯಾರೂ ಆ ಆಣೆ ಕೇಳುವುದಿಲ್ಲ, ಅದು ನನಗೂ ಗೊತ್ತಿತ್ತು. ಹಾಗಾಗಿ ಅವಳು ಹಿಂಜರಿಯುತ್ತಾಳೆ, ಸುಳ್ಳು ಹೊರಬೀಳುತ್ತದೆ ಎಂಬುದೇ ನನ್ನ ಲೆಕ್ಕ. ಅವ್ವ ಕೈಕಾಲು ತೊಳೆದು ಬಂದಳು. ಕೊರಳಿನ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಮೇಲೆ ಬಲಗೈ ಮುಚ್ಚಿ, "ಒಂದೂ ಬಿಟ್ಟಿಲ್ಲ" ಎಂದಳು. ಕಣ್ಣು ಅಂಗೈ ಮೇಲೇ ಇತ್ತು, ನನ್ನ ಕಡೆ ತಿರುಗಲಿಲ್ಲ. ದೇವರ ಸಾಕ್ಷಿಯಾಗಿ ಹೇಳುತ್ತೇನೆ, ನನ್ನ ಕಡೆ ತಿರುಗದ ಆ ಕಣ್ಣನ್ನೂ ನಾನು ಸುಳ್ಳಿನ ಗುರುತು ಎಂದೇ ಓದಿಕೊಂಡೆ.

ಲಿಂಗವನ್ನು ಒಳಗಿಟ್ಟ ಮೇಲೆ ಅವಳು, "ಇನ್ನ ಮ್ಯಾಲ ನನಗ ಗುಳಿಗಿ ತರಬ್ಯಾಡ್ರಿ" ಎಂದಳು. ನನ್ನೊಂದಿಗೆ ಯಾವತ್ತೂ ಬಹುವಚನದಲ್ಲಿ ಮಾತಾಡಿದವಳಲ್ಲ. ಮುಂದೆ ನಾನು ಬೈದೆ, ನಮ್ಮವರು ಕಾಲು ಹಿಡಿದರು, ಹಂಪಸಾಗರದಿಂದ ದೊಡ್ಡಮ್ಮನನ್ನು ಕರೆಸಿ ಹೇಳಿಸಿದೆವು. ಜ್ವರದ ಗುಳಿಗೆಯನ್ನೂ ಮುಟ್ಟಲಿಲ್ಲ.

ನಾಲ್ಕು ವರ್ಷಕ್ಕೆ ಸೀರೆ ನಿಲ್ಲದಷ್ಟು ಸೊರಗಿದಳು. ಒಂದು ಬೆಳಿಗ್ಗೆ ಕಾಫಿ ಗಸಿಯ ಹಾಗೆ ಕಪ್ಪಗೆ ವಾಂತಿ ಮಾಡಿಕೊಂಡಾಗ ಎತ್ತಿಕೊಂಡೇ ದಾವಣಗೆರೆಗೆ ಒಯ್ದೆವು. ಈ ಸಲ ನೋಡಿದ್ದು ಒಬ್ಬ ಹರೆಯದ ಡಾಕ್ಟರು. ಜಠರದ ಕ್ಯಾನ್ಸರು, ಲಿವರಿಗೂ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಆಮೇಲೆ ರಿಪೋರ್ಟು ತರಲು ಒಬ್ಬಳೇ ಹೋದಾಗ ಹಳೆಯ ಚೀಟಿಗಳನ್ನು ಅವರ ಮುಂದಿಟ್ಟು, "ಗುಳಿಗಿ ನುಂಗ್ಲೇ ಇಲ್ರಿ ಸರ್. ತಾನೇ ತಂದುಕೊಂಡ್ಲು" ಎಂದೆ.

"ನುಂಗಿಲ್ಲ ಅಂತ ನಿಮಗೆ ಹೆಂಗೆ ಗೊತ್ತು?" ಎಂದರು.

ಅಕ್ಕ ತಮ್ಮನ ಕಥೆಯನ್ನೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆಮ್ಲ ತಗ್ಗಿಸುವ ಗುಳಿಗೆಯನ್ನು ಕರಗಿಸಿ ಹೊರಹಾಕುವುದು ಲಿವರು. ಕೆಲವರ ಲಿವರು ಅದನ್ನು ನಿಧಾನವಾಗಿ ಕರಗಿಸುತ್ತದೆ, ಕೆಲವರದು ನೋಡುನೋಡುತ್ತಲೇ ಮುಗಿಸಿಬಿಡುತ್ತದೆ. ಆಗ ಆಮ್ಲ ತಗ್ಗುವುದಿಲ್ಲ, ಆಮ್ಲ ತಗ್ಗದಿದ್ದರೆ ಉಳಿದೆರಡು ಗುಳಿಗೆಗಳಿಗೂ ಬಲ ಸಾಲದು. ಅದು ತಂದೆ ತಾಯಿಯಿಂದ ಬರುವ ಗುಣ, ಆದರೂ ಒಡಹುಟ್ಟಿದವರಿಗೆ ಒಂದೇ ಥರ ಬರಬೇಕೆಂದಿಲ್ಲ. ಹೀಗೆ ಬಿಡಿಸಿ ಹೇಳಿದರು. "ನಿಮ್ಮ ತಾಯೀದು ಅದೇ ಅಂತ ಹೇಳಾಕೆ ಬರಲ್ಲ, ಆ ಪರೀಕ್ಷೆ ನಮ್ಮಲ್ಲಿಲ್ಲ. ಬ್ಯಾಕ್ಟೀರಿಯಾನೇ ಔಷಧಿಗೆ ಬಗ್ಗದೆ ಇದ್ದಿರಬಹುದು. ಆದ್ರೆ ಗುಳಿಗೆ ಒಂದೂ ಬಿಡದೆ ನುಂಗಿದೋರಿಗೂ ಒಮ್ಮೊಮ್ಮೆ ಹಿಂಗಾಗುತ್ತೆ ಮೇಡಂ. ಪ್ರಮಾಣ ಹೆಚ್ಚು ಮಾಡಿ, ಇಲ್ಲ ಬೇರೆ ಔಷಧಿ ಕೊಟ್ಟು ನೋಡಬೇಕಿತ್ತು."

ನೋಡಬೇಕಿತ್ತು, ನಿಜ. ಆದರೆ ಅಷ್ಟರಲ್ಲಿ ಅವಳು ಗುಳಿಗೆಯನ್ನೇ ಬಿಟ್ಟಿದ್ದಳು, ಬಿಡಿಸಿದವಳು ನಾನು. ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮನೆಯಲ್ಲಿ ಅವ್ವ ಗೋಡೆಗೆ ಒರಗಿ ಗಂಜಿ ಗುಟುಕರಿಸುತ್ತಿದ್ದಳು. ಹತ್ತಿರ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. "ನೀ ಗುಳಿಗಿ ನುಂಗಿದ್ದಿ ಅವ್ವಾ. ಗುಳಿಗಿ ಹತ್ತದ್ದು ನಿನ್ನ ರಕ್ತದ ಗುಣ ಇದ್ದೀತಂತ. ನೀ ಸುಳ್ಳು ಹೇಳಿರ್ಲಿಲ್ಲ" ಎಂದೆ.

ಅವ್ವ ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ಅದು ನನಗ ಗೊತ್ತಿತ್ತಲ್ಲವ್ವ" ಎಂದಳು.

ಆಮೇಲೆ ಮೂರು ವಾರ ಬದುಕಿದ್ದಳು. ಗಂಜಿಗೆ ಉಪ್ಪು ಸಾಲದು ಎಂದಳು, ಮೊಮ್ಮಗಳ ಜಡೆ ಸಡಿಲವಾಯಿತು ಎಂದಳು. ಆ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ. ತಪ್ಪಾಯಿತು ಎನ್ನಲು ನಾನು ದಿನಾ ಅವಳ ಹಾಸಿಗೆಯ ತನಕ ಹೋಗುತ್ತಿದ್ದೆ. ಹೋಗಿ, ನೀರು ಬೇಕೇನವ್ವ ಎಂದು ಕೇಳಿ ವಾಪಸು ಬರುತ್ತಿದ್ದೆ.