ಹೆಸರಿಲ್ಲದ ಗೇರ್‌ಬಾಕ್ಸುಗಳನ್ನು ಎಣಿಸಿದ ಕಾಲ

ಬೆಳಿಗ್ಗೆ ಎದುರು ಮನೆಯ ಮುಂದೆ ಲಾರಿಯೊಂದನ್ನು ನಿಲ್ಲಿಸಿಕೊಂಡು ಯಾರೋ ಅದರ ಗೇರ್‌ಬಾಕ್ಸ್ ಬಿಚ್ಚಿದ್ದರು. ಹಳೆಯ ಎಣ್ಣೆಯ ವಾಸನೆ ಅಡುಗೆಮನೆಯ ತನಕ ಬಂತು. ನಿಮಗೆ ಆ ವಾಸನೆ ಗೊತ್ತಿದೆಯೋ ಇಲ್ಲವೋ. ಸುಟ್ಟ ಬೆಲ್ಲಕ್ಕೆ ತುಕ್ಕು ಬೆರೆಸಿದ ಹಾಗಿರುತ್ತದೆ. ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತೆ. ಈ ವಯಸ್ಸಿನಲ್ಲಿ ನಿಂತುಕೊಳ್ಳುವುದಕ್ಕೂ ಒಂದು ನೆಪ ಬೇಕಾಗುತ್ತದೆ.

ನಮ್ಮ ಮನೆಯವರು ಹೊಸಪೇಟೆಯಲ್ಲಿ ಮೋಟಾರು ಮಿಸ್ತ್ರಿಯಾಗಿದ್ದರು. ಕಂಪ್ಲಿ ರಸ್ತೆಯಲ್ಲಿ ತಗಡಿನ ಶೆಡ್ಡು, ಹಿಂದೆಯೇ ಮನೆ. ಆಗ ಎರಡನೆಯ ಮಹಾಯುದ್ಧದ ಕಾಲ. ಮದ್ರಾಸಿನಿಂದ ಹೊಸ ಸಾಮಾನು ಬರುವುದು ನಿಂತುಹೋಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಕೆಮ್ಮುತ್ತ ಓಡುತ್ತಿದ್ದವು. ಸಂಡೂರಿನ ಗುಡ್ಡ ಹತ್ತಿ ಇಳಿದು ಅವುಗಳ ಗೇರಿನ ಹಲ್ಲು ಉದುರಿದರೆ, ಕೆಟ್ಟು ಮೂಲೆ ಸೇರಿದ ಯಾವುದಾದರೂ ದೊಡ್ಡ ಕಾರಿನ ಗೇರ್‌ಬಾಕ್ಸ್ ತಂದು ಕೂರಿಸಬೇಕಾಗಿತ್ತು. ಕಂಪ್ಲಿಯ ಸಾಹುಕಾರರೊಬ್ಬರ ಕಾರಿನಲ್ಲಿ ಬೆಕ್ಕು ಮರಿ ಹಾಕಿತ್ತಂತೆ. ಮರಿಗಳು ಕಣ್ಣು ಬಿಡುವ ತನಕ ಏನನ್ನೂ ಬಿಚ್ಚಕೂಡದೆಂದು ಆ ಮನೆಯ ಮುದುಕಿ ಇವರನ್ನು ಎರಡು ಸಲ ವಾಪಸು ಕಳಿಸಿದ್ದಳು.

ತಂದ ಗೇರ್‌ಬಾಕ್ಸ್ ಯಾವ ಗಾಡಿಯದು, ಇನ್ನು ಯಾವುದಕ್ಕೆ ಹೊಂದೀತು ಎಂದು ಗುರುತಿಸುವುದೇ ಕಷ್ಟ. ಮೇಲಿನ ಅಂಕಿ ಅಕ್ಷರಗಳೆಲ್ಲ ಸವೆದುಹೋಗಿರುತ್ತಿದ್ದವು. ಅದಕ್ಕೆ ಇವರು ಒಂದು ಉಪಾಯ ಮಾಡಿದ್ದರು. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು, ಒಂದೊಂದೇ ಗೇರು ಹಾಕಿ, ಮುಂದಿನ ದಂಡವನ್ನು ಕೈಯಿಂದ ತಿರುಗಿಸುವುದು. ಹಿಂದಿನ ದಂಡಕ್ಕೆ ಸೀಮೆಸುಣ್ಣದ ಗೀಟು. ಆ ಗೀಟು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಎಂದು ನಾನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗೊತ್ತಿದ್ದ ಗಾಡಿಯ ಲೆಕ್ಕಕ್ಕೆ ತಾಳೆಯಾದರೆ ಗುರುತು ಸಿಕ್ಕಿತೆಂದು ಅರ್ಥ. ನಾನು ಮಲಪನಗುಡಿಯಲ್ಲಿ ನಾಲ್ಕನೆಯ ಕ್ಲಾಸು ಓದಿದವಳು. ಮನೆಯಲ್ಲಿ ನಾನೇ ಪಂಡಿತೆ. ತವರಿನಲ್ಲಿ ಜೋಳ ಅಳೆಯುವ ರೂಢಿಯಂತೆ ಮೊದಲನೆಯ ಸುತ್ತಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದೆ.

“ಕಬ್ಬಿಣದಾಗ ಎಲ್ಲಿ ಲಾಭ ಬಂತಲೇ,” ಎಂದು ಇವರು ನಗುತ್ತಿದ್ದರು.

ಒಂದು ವಿಷಯವನ್ನು ನಾನು ಮರೆಯಬಾರದಿತ್ತು. ಮೊದಲನೆಯ ಗೇರಿಗೂ ಹಿಂದಕ್ಕೆ ಹೋಗುವ ಗೇರಿಗೂ ಸುತ್ತಿನ ಲೆಕ್ಕ ಹೆಚ್ಚು ಕಡಿಮೆ ಒಂದೇ. ಗೀಟು ಯಾವ ಕಡೆಗೆ ತಿರುಗಿತು ಎಂಬುದಷ್ಟೇ ವ್ಯತ್ಯಾಸ.

ಹುಲುಗಪ್ಪನೆಂಬ ಡ್ರೈವರನ ಬಸ್ಸು ಶೆಡ್ಡಿಗೆ ಬಂದಾಗ ನಮ್ಮತ್ತೆಗೆ ವಿಷಮಜ್ವರ. ನಾನು ಸರಿಯಾಗಿ ನಿದ್ದೆ ಮಾಡಿ ವಾರವಾಗಿತ್ತು. ಗಾಡಿಯ ಅವಸರದಲ್ಲಿದ್ದ ಹುಲುಗಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಇವರು ತಲೆ ಬಗ್ಗಿಸಿ ದಂಡ ತಿರುಗಿಸುತ್ತಿದ್ದರು.

“ನಾಲ್ಕು ಸುತ್ತು, ಮ್ಯಾಲ ಚಿಲ್ಲರೆ,” ಅಂದೆ.

“ಮುಂದಕ್ಕ ತಿರುಗ್ತೈತಲ್ಲ?” ಎಂದು ಇವರು ಕೇಳಿದರು.

“ಹೂಂ,” ಅಂದೆ. ನಾನು ನೋಡಿರಲಿಲ್ಲ.

ಅದನ್ನೇ ಮೊದಲನೆಯ ಗೇರು ಎಂದು ಬರೆದೆ. ಎರಡು ದಿನಕ್ಕೆ ಗೇರ್‌ಬಾಕ್ಸ್ ಬಸ್ಸಿಗೆ ಕೂತಿತು. ಹುಲುಗಪ್ಪ ಎಂಜಿನ್ ಚಾಲೂ ಮಾಡಿದ. ಇವರು ಹಿಂದಿನ ಗಾಲಿಗೆ ಕೊಟ್ಟಿದ್ದ ಕಲ್ಲು ತೆಗೆಯಲು ಹೋದರು. ನಾನು ಬರೆದಿದ್ದಂತೆ ಹುಲುಗಪ್ಪ ಮೊದಲನೆಯ ಗೇರಿಗೆಂದು ಲಿವರ್ ಎಳೆದ. ಮುಂದಕ್ಕೆ ಹೋಗಬೇಕಾಗಿದ್ದ ಬಸ್ಸು ಒಂದು ಮೊಳ ಹಿಂದಕ್ಕೆ ಬಂತು. ಹಿಂದಿನ ಗೋಡೆಗೆ ಊರಿದ್ದ ಇವರ ಬಲಗೈ ಬಸ್ಸಿಗೂ ಗೋಡೆಗೂ ನಡುವೆ ಸಿಕ್ಕಿತು. ಅವರು ಕೂಗಲೂ ಇಲ್ಲ. ಎಡಗೈಯಿಂದ ಬಸ್ಸನ್ನು ಮೆಲ್ಲಗೆ ತಟ್ಟಿ, “ಹುಲುಗಪ್ಪ, ಮುಂದಕ್ಕ ತಗೋಪಾ,” ಅಂದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಕೇಳಿದವರಿಗೆಲ್ಲ ಇವರು ಒಂದೇ ಉತ್ತರ ಕೊಟ್ಟರು: “ಗುರುತು ಹಿಡಿಯೂದ್ರಾಗ ನಾನ ತಪ್ಪಿದೆ.” ನನಗೆ ತಡೆಯಲಾಗಲಿಲ್ಲ. ಗೀಟು ನೋಡದೆ ಹೂಂ ಅಂದವಳು ನಾನು ಎಂದು ಎಲ್ಲರಿಗೂ ಹೇಳಿಬಿಡುತ್ತೇನೆ ಅಂದೆ.

“ಬ್ಯಾಡ,” ಅಂದರು. “ಇನ್ನ ನನ್ನ ಕೈಲೆ ಪಾನಾ ಸುತ್ತಿಗಿ ಹಿಡಿಯಾಕ ಆಗೂದಿಲ್ಲ. ಉಳಿದಿದ್ದು ನಿನ್ನ ಲೆಕ್ಕ ಒಂದ. ಅದರ ಮ್ಯಾಲಿನ ನಂಬಿಕೀನೂ ಹೋದ್ರ ಉಣ್ಣೂದೇನು? ನನ್ನ ಹೆಸರು ಹೋದ್ರ ಹೋಗ್ಲಿ.”

ಅವರ ಹೆಸರು ಹೋಯಿತು. ಪೆಟ್ಟಿಗೆ ತಟ್ಟಿಯೇ ಯಾವ ಗಾಡಿಯದೆಂದು ಹೇಳುತ್ತಾನೆ ಎನ್ನಿಸಿಕೊಂಡಿದ್ದ ಮನುಷ್ಯ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ದಂಡ ತಿರುಗಿಸಿದರು, ನಾನು ಎಣಿಸಿದೆ. ಹುಲುಗಪ್ಪ ಯಶವಂತನಗರದ ಕಡೆಯಿಂದ, ವಡ್ಡುವಿನ ಕಡೆಯಿಂದ ಗಿರಾಕಿಗಳನ್ನು ಕರೆತಂದು ನನ್ನ ಮುಂದೆ ನಿಲ್ಲಿಸುತ್ತಿದ್ದ. ಎಷ್ಟೋ ವರ್ಷ ಹಾಗೇ ನಡೆಯಿತು. ಜನ ನನ್ನನ್ನು ಹೊಗಳಿದಾಗಲೆಲ್ಲ ಇವರು ತಲೆಯಾಡಿಸುತ್ತಿದ್ದರು. ನಾನು ಒಳಗೆ ಹೋಗಿಬಿಡುತ್ತಿದ್ದೆ. ಇವರು ತೀರಿಕೊಳ್ಳುವ ತನಕ ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಸುಮ್ಮನಿರುವುದು ಇಷ್ಟು ದಣಿಸುವ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಹುಲುಗಪ್ಪ ಕೋಲೂರಿಕೊಂಡು ನೋಡಲು ಬಂದ. ಕೂತ ಮೇಲೆ ಹೇಳಿಬಿಟ್ಟೆ. ಅವನು ಕೋಲನ್ನು ಪಕ್ಕಕ್ಕಿಟ್ಟ.

“ಗೊತ್ತೈತ್ರಿ ಅಕ್ಕಾರ. ನಾ ಅಲ್ಲೇ ಕುಂತಿದ್ನಲ್ಲ. ಗೀಟು ಹಿಂದಕ್ಕ ತಿರುಗಿದ್ದು ನಾನೂ ನೋಡಿದ್ದೆ.”

“ನೋಡಿದ್ರ ಯಾಕ ಹೇಳ್ಲಿಲ್ಲ?”

“ಮಿಸ್ತ್ರಿಗೆ ಗೊತ್ತಿರ್ತೈತಿ, ನಂಗೇನು ತಿಳಿತೈತಿ ಅಂತ ಸುಮ್ಮನಾದೆ. ಗಾಡಿ ಜಲ್ದಿ ಬೇಕಾಗಿತ್ರಿ. ಲಿವರ್ ಎಳೆದಿದ್ದೂ ನಾನ.” ಆಮೇಲೆ ಅಂದ, “ಆಸ್ಪತ್ರ್ಯಾಗ ಅವ್ರಿಗೆ ಹೇಳಾಕ ಹೋಗಿದ್ದೆ. ಬಾಯಿ ಬರ್ಲಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದೇ ತಪ್ಪನ್ನು ಮೂವರು ಬೇರೆ ಬೇರೆ ಕೂತು ಹೊತ್ತುಕೊಂಡಿದ್ದೆವು. ನಮ್ಮಲ್ಲಿ ಒಬ್ಬರು ಹೋಗಿಬಿಟ್ಟಿದ್ದಾರೆ. ಹುಲುಗಪ್ಪ ಸಂಜೆಯ ತನಕ ಕೂತಿದ್ದು ಎದ್ದು ಹೋದ.

ಈಗ ಅವನು ವಾರಕ್ಕೊಮ್ಮೆ ಬರುತ್ತಾನೆ. ಇಬ್ಬರಿಗೂ ಕಿವಿ ಮಂದ. ಆಡುವ ಮಾತೂ ಹೆಚ್ಚೇನಿಲ್ಲ. ಇವತ್ತು ಅವನು ಬರುವ ದಿನ. ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಮೆತ್ತಗಿರಲೆಂದು ಬಟ್ಟೆ ಮುಚ್ಚಿ ಇಟ್ಟಿದ್ದೇನೆ.