ಈಳಿಗೆಮಣೆಯ ಮೇಲಿನ ಅಪವಾದ

ಮಾಡದ ತಪ್ಪಿಗೆ ಈ ಲೋಕದಲ್ಲಿ ಅತಿ ಹೆಚ್ಚು ಕೆಟ್ಟ ಹೆಸರು ಹೊತ್ತ ವಸ್ತು ಯಾವುದೆಂದು ನೀವು ಕೇಳಿದರೆ, ನಾನು ಹಿಂದೆಮುಂದೆ ನೋಡದೆ ಈಳಿಗೆಮಣೆ ಎನ್ನುತ್ತೇನೆ. ಮಡಿವಾಳದ ನಮ್ಮ ವಠಾರದಲ್ಲಿ ಎಲ್ಲರೂ ಹುರುಳಿಕಾಯಿ ಹೆಚ್ಚುವುದು ಚಾಕುವಿನಲ್ಲೇ. ಈಳಿಗೆಮಣೆ ಉಳಿದಿರುವುದು ಒಂದೇ ಮನೆಯಲ್ಲಿ, ಅದೂ ಅಟ್ಟದ ಮೇಲೆ ಧೂಳು ಹಿಡಿದು. ಆದರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನಮ್ಮಲ್ಲಿ ಯಾರ ಬೆರಳಿಗೆ ಏನಾಗಿದ್ದರೂ, ಹೊಸ ಫ್ಯಾಕ್ಟರಿಯಲ್ಲಿ ಕೆಲಸ ಕೇಳುವಾಗ ಕೊಡುವ ಉತ್ತರ ಒಂದೇ: "ಈಳಿಗೆಮಣೆ ತಾಗಿತ್ತು ಸಾರ್."

ಕಾರಣ ಗುಟ್ಟಿನದೇನಲ್ಲ. ಮೆಷಿನ್ನಿನಲ್ಲಿ ಆಯಿತೆಂದರೆ ಮುಂದಿನ ಪ್ರಶ್ನೆ, ಪರಿಹಾರಕ್ಕೆ ಕ್ಲೇಮ್ ಹಾಕಿದಿರಾ ಎಂಬುದು. ಹಾಕಿದೆ ಎಂದವಳಿಗೆ ಕಿರಿಕ್ ಗಿರಾಕಿ ಎಂಬ ಹಣೆಪಟ್ಟಿ ಖಾಯಂ.

ನನ್ನ ಎಡಗೈ ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಕಾಲರ್ ಹೊಲಿಯುವಾಗ ಸೂಜಿ ಉಗುರನ್ನು ತೂರಿ ಮುರಿದಿತ್ತು. ನಮ್ಮಲ್ಲಿ ಒಂದು ಪದ್ಧತಿ: ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗುವ ತನಕ ಹೊಸ ಸೂಜಿ ಕೊಡುವುದಿಲ್ಲ, ಅಂಗಿ ತೊಡುವವರಿಗೆ ಚುಚ್ಚಬಾರದಲ್ಲ! ಸೂಪರ್‌ವೈಸರ್ ಆಯಸ್ಕಾಂತ ಹಿಡಿದು ನೆಲವನ್ನೆಲ್ಲ ಜಾಲಾಡಿದರು. ಕೊನೆಯ ಚೂರು ನನ್ನ ಬೆರಳೊಳಗಿತ್ತು. ಯಾರೋ ತೊಡಲಿರುವ ಅಂಗಿಯ ಮೇಲಿನ ಆ ಮುತುವರ್ಜಿ ಕಂಡು ನೋವಿನಲ್ಲೂ ನಗು ಬಂತು, ನಗು ಮುಗಿದ ಮೇಲೆ ಸಿಟ್ಟು ಬಂತು.

"ಕ್ಲೇಮ್ ಹಾಕಿದ್ರೆ ಬೇರೆ ಕಡೆ ಯಾರೂ ತಗೊಳಲ್ಲ, ಯೋಚ್ನೆ ಮಾಡಿ," ಎಂದರು ಸೂಪರ್‌ವೈಸರ್. ನಾನು ಯೋಚಿಸಿಯೇ ಹಾಕಿದೆ, ಪರಿಹಾರವೂ ಬಂತು. ಬೆಂದ ಕೈಗೆ ಬೆಣ್ಣೆ ಕೇಳುವುದು ಜಗಳಗಂಟಿತನ ಹೇಗಾದೀತೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪೆಟ್ಟನ್ನು ಮುಚ್ಚಿಟ್ಟವಳು ಒಳ್ಳೆಯವಳು, ಹೇಳಿದವಳು ಕೆಟ್ಟವಳು ಎನ್ನುವ ಲೆಕ್ಕದಲ್ಲಿ ಪೆಟ್ಟು ಕೊಟ್ಟ ಮೆಷಿನ್ನಿನ ಹೆಸರೇ ಬರುವುದಿಲ್ಲ, ನೋಡಿ.

ಆ ಫ್ಯಾಕ್ಟರಿ ಊರಾಚೆಗೆ ಹೋದಾಗ ನಾನು ಮತ್ತೆ ಕೆಲಸ ಹುಡುಕಬೇಕಾಯಿತು. ಮನೆ ನಡೆಯುವುದು ನನ್ನ ದುಡಿಮೆಯಲ್ಲೇ. ಜೆ.ಪಿ. ನಗರದ ಒಂದು ಕಡೆ ಇದ್ದದ್ದನ್ನು ಇದ್ದಂತೆ ಹೇಳಿದೆ. "ಹೇಳಿ ಕಳಿಸ್ತೀವಿ," ಎಂದರು. ಹಾಗೆಂದವರು ಹೇಳಿ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಅಕ್ಕಪಕ್ಕದವರು, ಈ ಸಲವಾದರೂ ಈಳಿಗೆಮಣೆ ಎನ್ನು ಎಂದು ಬುದ್ಧಿ ಹೇಳಿದರು. ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಕೈಗಳು ಹೊಲಿಗೆಯನ್ನು ಮರೆತಿರಲಿಲ್ಲ; ಮರೆತಿಲ್ಲದ ಕೈಗೆ ಕಟ್ಟುಕತೆಯ ಆಸರೆ ಏಕೆ?

ಬನಶಂಕರಿಯ ಫ್ಯಾಕ್ಟರಿಯಲ್ಲಿ ಮೊದಲು ಟ್ರಯಲ್ಲಿಗೆ ಕೂರಿಸಿದರು. ನಾನು ಹೊಲಿದ ಕಾಲರನ್ನು ಇನ್‌ಚಾರ್ಜ್ ಮೇಡಂ ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ಬೆರಳು ನೋಡಿದರು.

"ಇದೇನಾಯ್ತು?"

"ಮೆಷಿನ್ ಮೇಡಂ. ಕ್ಲೇಮ್ ಹಾಕಿದ್ದೆ, ಬಂತು. ಕೆಲ್ಸಕ್ಕೇನೂ ತೊಂದ್ರೆ ಇಲ್ಲ, ಕಾಲರ್ ನಿಮ್ಮ ಕೈಯಲ್ಲೇ ಇದೆಯಲ್ಲಾ."

ಅವರು ಕಾಲರನ್ನು ಇನ್ನೊಮ್ಮೆ ನೋಡಿದರು. "ಸೋಮವಾರ ಬನ್ನಿ," ಎಂದು ನನ್ನ ಹಿಂದಿದ್ದವಳನ್ನು ಕರೆದರು.

ಅವಳು ಎಡಗೈಯನ್ನು ವೇಲಿನಡಿ ಅಡಗಿಸಿಕೊಂಡು ನಿಂತಿದ್ದಳು. ಮೇಡಂ ಕೇಳಿದಾಗ ಕೈ ಹೊರಗೆ ತೆಗೆದಳು. ಹೆಬ್ಬೆರಳಿನ ತುದಿ ಇರಲಿಲ್ಲ. ಒಮ್ಮೆ ನನ್ನತ್ತ ನೋಡಿ, "ನಂದೂ ಮೆಷಿನ್ನೇ ಮೇಡಂ," ಎಂದಳು. ನನಗೆ ಆಗ ನಿಜಕ್ಕೂ ಭಯವಾಯಿತು. ನನ್ನ ಧೈರ್ಯಕ್ಕೆ ನಾನು ಹೊಣೆಯಾಗಬಹುದು, ಅವಳ ಅನ್ನಕ್ಕೆ ಯಾರು ಹೊಣೆ? ಅಲ್ಲಿಂದ ಹೊರಡಲು ಮನಸ್ಸಾಗದೆ ಗೇಟಿನ ಹೊರಗೆ ನಿಂತೆ.

ಬಹಳ ಹೊತ್ತಿನ ಮೇಲೆ ಅವಳು ಬಂದಳು. ಸೋಮವಾರದಿಂದ ಅವಳಿಗೂ ಕೆಲಸ. ಆದರೆ ಅವಳ ಮುಖದಲ್ಲಿ ಆ ಖುಷಿಗಿಂತ ದೊಡ್ಡದೇನೋ ಇತ್ತು.

"ಅಕ್ಕಾ, ಆಗ ಆಸ್ಪತ್ರೇಲಿ ನಾನು ಮನೇಲಾಯ್ತು ಅಂತ ಹೇಳ್ಬಿಟ್ಟಿದ್ದೆ, ಕ್ಲೇಮೇ ಹಾಕಿಲ್ಲ. ಈಗ ಹಾಕ್ಬೋದಾ?"

"ಗೊತ್ತಿಲ್ಲ ಕಣಮ್ಮ," ಎಂದೆ. "ಬಾ, ನಾನು ಕ್ಲೇಮ್ ಹಾಕಿದ ಆಫೀಸಿಗೆ ಇಬ್ರೂ ಹೋಗಿ ಕೇಳೋಣ."