ಭಾನುವಾರ ಓಡಲೇಬೇಕಾದ ಅಂಬಾಸಿಡರ್

ಬೆಳಕು ಹರಿಯುವ ಹೊತ್ತು. ಭದ್ರಾವತಿಯ ನ್ಯೂ ಟೌನ್‌ನ ಒಂದು ತಗಡಿನ ಶೆಡ್ಡಿನಿಂದ ಎಮರಿ ಪೇಪರ್ ಉಜ್ಜುವ ಸದ್ದು ಬರುತ್ತಿದೆ. ಗೋಣಿಚೀಲದ ಮೇಲೆ ಕೂತ ಮುರುಗೇಶಪ್ಪ ಹಳೆಯ ಅಂಬಾಸಿಡರ್ ಕಾರಿನ ಹಿಂಬಾಗಿಲನ್ನು ತೊಡೆಗೆ ಒರಗಿಸಿಕೊಂಡು ತುಕ್ಕು ತೆಗೆಯುತ್ತಿದ್ದಾರೆ.

"ರೀ, ಟೀ ಆಯ್ತು," ಎಂದು ಹೆಂಡತಿ ವೇದಾ ಒಳಗಿನಿಂದ ಕೂಗಿದ್ದೇ ತಡ, ಅರ್ಧ ಉಜ್ಜಿದ ಜಾಗವನ್ನು ಹಾಗೇ ಬಿಟ್ಟು ಎದ್ದೇಬಿಡುತ್ತಾರೆ. ಅಂದಿನ ಕಾರಿನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಸ್ನಾನ, ಬುತ್ತಿ, ಮಾಚೇನಹಳ್ಳಿಯ ಬಸ್ಸು. ಅಲ್ಲಿನ ಸಣ್ಣ ವರ್ಕ್‌ಶಾಪೊಂದರಲ್ಲಿ ಅವರು ಲೇತ್ ನಡೆಸುತ್ತಾರೆ.

ಈ ಶಿಸ್ತು ಸುಲಭಕ್ಕೆ ಬಂದದ್ದಲ್ಲ. ಕಾರು ಕೊಂಡ ಹೊಸತರಲ್ಲಿ ಹುಮ್ಮಸ್ಸಿನಿಂದ ಎಲ್ಲವನ್ನೂ ಬಿಚ್ಚಿ ಹರಡಿದ್ದರು. ಸೀಟು ಪಡಸಾಲೆಗೆ ಬಂತು, ಕಾರ್ಬೊರೇಟರ್ ಕಿಟಕಿ ಏರಿತು. ರಜೆಯೆಲ್ಲ ಕರಗಿತು, ನಿದ್ದೆ ಕೆಟ್ಟಿತು, ಕಾರು ಮಾತ್ರ ಕದಲಲಿಲ್ಲ. ಒಂದು ದಿನ ಅಕ್ಕಿ ಆರಿಸುವಾಗ ವೇದಾರಿಗೆ ಮೊರದಲ್ಲಿ ನಟ್ಟು ಸಿಕ್ಕಿತು.

"ಅದನ್ನ ತಟ್ಟೇಲಿಟ್ಟು, ಊಟಕ್ಕೆ ಬನ್ನಿ ಅಂದೆ," ಎಂದು ವೇದಾ ನಗುತ್ತಾರೆ. "ಇನ್ಮೇಲೆ ಏನ್ ಬೇಕಾದ್ರೂ ಬಿಚ್ಚಿ, ಭಾನುವಾರ ಕಾರು ಓಡ್ಬೇಕು ಅಂತ ಹೇಳ್ಬಿಟ್ಟೆ."

ಅಂದಿನಿಂದ ಅದೇ ಕಟ್ಟಳೆ. ವಾರಕ್ಕೆ ಒಂದೇ ಭಾಗ ಬಿಚ್ಚಬೇಕು. ಶನಿವಾರ ಸಂಜೆಗೆ ಅದು ತನ್ನ ಜಾಗಕ್ಕೆ ಮರಳಬೇಕು. ಭಾನುವಾರ ವೇದಾ ಕರಿದ ಚಕ್ಕುಲಿಯ ಡಬ್ಬಿಗಳನ್ನು ಹೊತ್ತು ಕಾರು ಶಿವಮೊಗ್ಗದ ರಾಗಿಗುಡ್ಡದ ಅಂಗಡಿಗಳಿಗೆ ಹೋಗುತ್ತದೆ. ಹೀಗಾಗಿ ಬಣ್ಣವೂ ತುಂಡುತುಂಡಾಗಿ ಏರುತ್ತಿದೆ. ಮುಂದಿನ ಬಾಗಿಲುಗಳು ಹಸಿರು, ಮೈ ಹಳೆಯ ಬಿಳಿ, ಒಂದು ಮಡ್‌ಗಾರ್ಡ್ ಇನ್ನೂ ತುಕ್ಕು ತಡೆಯಲು ಬಳಿದ ರೆಡ್ ಆಕ್ಸೈಡಿನ ಕೆಂಪು. "ಮುರುಗೇಶಣ್ಣ, ಕಾರಿಗೆ ಕೌದಿ ಹೊದಿಸಿದೀಯಲ್ಲೋ!" ಎಂದು ಬೀದಿಯವರು ಛೇಡಿಸುತ್ತಾರೆ. "ಹೊದ್ಕೊಂಡಾದ್ರೂ ಓಡ್ತಿದೆ. ನಿನ್ನ ಹೊಸಾ ಬೈಕು ಎಲ್ಲಿದೆ, ಗ್ಯಾರೇಜಲ್ಲಾ?" ಎಂದು ಇವರು ಕೇಳುತ್ತಾರೆ.

ಆಸೆ ಇಲ್ಲವೆಂದಲ್ಲ. ಶಿವಮೊಗ್ಗದಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆದಾಗಲೆಲ್ಲ ಮುರುಗೇಶಪ್ಪ ಫುಟ್‌ಪಾತಿನಲ್ಲಿ ನಿಂತು ನೋಡಿದವರು. ಆ ಸಾಲಿನಲ್ಲಿ ತಮ್ಮ ಕಾರೂ ಒಮ್ಮೆ ಸಾಗಬೇಕೆಂಬುದು ಹಳೆಯ ಹಂಬಲ. ಅದಕ್ಕೇ ಕಳೆದ ತಿಂಗಳು ಮೆರವಣಿಗೆ ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಮಧುಸೂದನ ಶೆಡ್ಡಿನ ಬಾಗಿಲಿಗೇ ಬಂದಾಗ ಅವರು ಕೈ ಒರೆಸಿಕೊಳ್ಳುತ್ತ ಓಡಿಬಂದರು.

"ಗಾಡಿ ಜಾತಿ ಚೆನ್ನಾಗಿದೆ. ಆದ್ರೆ ಮೂರು ಬಣ್ಣದಲ್ಲಿ ಲೈನಿಗೆ ಬಿಡಕ್ಕಾಗಲ್ಲ," ಎಂದರು ಮಧುಸೂದನ. "ನಮ್ಮ ಪೇಂಟರ್ ಹತ್ರ ಒಂದು ತಿಂಗಳು ಬಿಡಿ. ಖರ್ಚು ಕ್ಲಬ್ಬಿಂದು."

ಮುರುಗೇಶಪ್ಪ ಬಾನೆಟ್ ಸವರಿದರು. "ಭಾನುವಾರಕ್ಕೆ ಬಿಟ್ಕೊಡ್ತೀರಾ ಸಾರ್?"

"ತಿಂಗಳು ಅಂದ್ರೆ ಭಾನುವಾರಾನೂ ಸೇರಿ ಅಲ್ವಾ ಮಾರಾಯ್ರೇ!"

"ಹಂಗಾದ್ರೆ ಬೇಡ ಬಿಡಿ. ಒಂದ್ಸಲ ನಿಂತ್ರೆ ಇದು ಮತ್ತೆ ಬರೀ ನೋಡೋ ಕಾರಾಗುತ್ತೆ. ನಾನು ಮತ್ತೆ ಅದರ ಆಳಾಗ್ತೀನಿ."

"ಲೈನಿಗೆ ಸೇರ್ಸಲ್ಲ, ಆಮೇಲೆ ಬೇಜಾರಾಗ್ಬೇಡಿ," ಎಂದು ಹೇಳಿ ಮಧುಸೂದನ ಹೊರಟರು. ಅಂದು ರಾತ್ರಿ ಊಟ ಸೇರಲಿಲ್ಲ ಎಂಬುದನ್ನು ಮುರುಗೇಶಪ್ಪ ಮುಚ್ಚಿಡುವುದಿಲ್ಲ. ಬೆಳಗಾದರೆ ಮತ್ತೆ ಗೋಣಿಚೀಲದ ಮೇಲೆ ಕೂತಿದ್ದರು.

ಮೆರವಣಿಗೆ ಭಾನುವಾರವೇ ಬಂತು. ರಾಗಿಗುಡ್ಡದಲ್ಲಿ ಡಬ್ಬಿ ಇಳಿಸಿ, ವೇದಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುರುಗೇಶಪ್ಪ ನೇರ ಅಲ್ಲಿಗೇ ಹೋದರು. ಫಳಫಳ ಹೊಳೆಯುವ ಕಾರುಗಳ ಸಾಲು ಮುಂದೆ ಹೊರಟಿತ್ತು. ಕೊನೆಯ ಕಾರಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು ಇವರ ಅಂಬಾಸಿಡರ್ ನಿಧಾನಕ್ಕೆ ಹಿಂಬಾಲಿಸಿತು.

ಮಧುಸೂದನ ಓಡಿಬಂದು ಕಿಟಕಿಗೆ ಬಗ್ಗಿದರು. "ಲೈನಿಗೆ ಬರಬೇಡಿ ಅಂದಿದ್ನಲ್ರೀ!"

"ಲೈನಿಗೆಲ್ಲಿ ಬಂದೆ ಸಾರ್? ರಸ್ತೆಗೆ ಬಂದಿದೀನಿ. ಇದಕ್ಕೂ ಟ್ಯಾಕ್ಸ್ ಕಟ್ಟಿದೀನಿ."

"ಚಕ್ಕುಲಿ ಮುರುಕು ಉಳಿದಿದೆ, ತಗೊಳ್ಳಿ," ಎಂದು ವೇದಾ ಪೊಟ್ಟಣ ಚಾಚಿದರು.

ಫುಟ್‌ಪಾತಿನ ಮಕ್ಕಳು ಮೂರು ಬಣ್ಣದ ಕಾರಿಗೇ ಜೋರಾಗಿ ಶಿಳ್ಳೆ ಹೊಡೆಯುತ್ತಿದ್ದವು. ಪೊಟ್ಟಣ ಹಿಡಿದ ಮಧುಸೂದನರಿಗೆ ನಗು ತಡೆಯಲಾಗಲಿಲ್ಲ. "ಅಲ್ರೀ, ಇದು ಪೂರ್ತಿ ಹಸಿರಾಗೋದು ಯಾವ ಕಾಲಕ್ಕೆ?"

ಮುರುಗೇಶಪ್ಪ ಗೇರು ಬದಲಿಸಿದರು. "ಕೊನೇ ಬಾಗಿಲಿಗೆ ಬಣ್ಣ ಬರೋಷ್ಟ್ರಲ್ಲಿ ಮೊದಲನೇದು ಮಾಸಿರುತ್ತೆ ಸಾರ್. ಮತ್ತೆ ಅಲ್ಲಿಂದ ಶುರು ಮಾಡ್ತೀನಿ. ನನಗೇನೂ ಅರ್ಜೆಂಟಿಲ್ಲ."